ಬಿಡೋದಾದ್ರೆ ಏಪ್ರಿಲಲ್ಲಿ ಬಿಡಿ ಮೇಷ್ಟ್ರೇ!

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಸುಮ್ಮನೆ ಬರುವವರು ಕಡಿಮೆ. ಏನಾದರೊಂದು ಕೇಳಿಕೊಳ್ಳಲೆಂದೇ ಬರುತ್ತಾರೆ. ಗಂಗಾಕೊಳದ ಮುಂದೆ ಕೈಮುಗಿದು ಕೂತು ಮದುವೆ ಕೇಳುವವರುಂಟು, ಮಕ್ಕಳನ್ನು ಕೇಳುವವರುಂಟು, ಬೋರ್‌ವೆಲ್ಲಿನಲ್ಲಿ ನೀರು ಬರಲೆಂದು ಕೇಳುವವರೂ ಉಂಟು. ಕೊಳದಲ್ಲಿ ಪ್ರಸಾದ ತೇಲಿ ಬಂದರೆ ಕೆಲಸ ಆಯಿತು ಅನ್ನೋದು ಭಕ್ತರ ನಂಬಿಕೆ. ಈಚೆಗೆ ಅಲ್ಲಿಗೆ ಬರುವ ಮೇಷ್ಟ್ರುಗಳು, ಟೀಚರಮ್ಮಂದಿರು ಗುಡಿಯ ಹೊರಗೆ ಟೀ ಕುಡಿಯುತ್ತಾ ಬೇರೆಯೇ ಒಂದು ಪ್ರಶ್ನೆ ಮಾತಾಡಿಕೊಳ್ಳುತ್ತಾರೆ. ‘ಈ ಕೆಲಸ ಬಿಟ್ಟುಬಿಡೋಣವಾ? ಬಿಡೋದಾದ್ರೆ ಯಾವಾಗ?’

ಮೊದಲನೇ ಪ್ರಶ್ನೆಗೆ ಉತ್ತರ ಅವರವರ ಮನಸ್ಸಿಗೆ ಬಿಟ್ಟದ್ದು. ಎರಡನೇದಕ್ಕೆ ಮಾತ್ರ ಲೆಕ್ಕ ಇದೆ. ಆ ಲೆಕ್ಕ ಗೊತ್ತಿಲ್ಲದೆ ಬಿಟ್ಟವರು ಕೆಟ್ಟಿದ್ದಾರೆ. ಅವರ ಜೊತೆಗೆ, ಯಾವ ತಪ್ಪೂ ಮಾಡದ ಹಳ್ಳಿ ಮಕ್ಕಳೂ ಕೆಟ್ಟಿದ್ದಾರೆ. ಇವತ್ತಿನ ಅಂಕಣ ಈ ಲೆಕ್ಕಕ್ಕೇ ಮೀಸಲು.

ಪಿಯುಸಿ ಅರ್ಧಕ್ಕೆ ಬಿಟ್ಟವನು ಮೇಷ್ಟ್ರಿಗೆ ಬುದ್ಧಿ ಹೇಳೋಕೆ ಹೊರಟನಾ ಅಂತ ಓದುಗರು ನಗಬಹುದು. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಸುದ್ದಿಗಾಗಿ ಬಿಇಒ ಆಫೀಸಿನ ಮೆಟ್ಟಿಲು ಹತ್ತಿ ಇಳಿಯುವವನು ಕಂಡಿದ್ದನ್ನು, ಕೇಳಿದ್ದನ್ನು ಹೇಳುತ್ತಿದ್ದೇನೆ, ಅಷ್ಟೆ.

ಬೇಸರ ಸುಳ್ಳಲ್ಲ

‘ಮೇಷ್ಟ್ರಿಗೇನ್ರಿ ಕಷ್ಟ, ವರ್ಷಕ್ಕೆರಡು ರಜ, ತಿಂಗಳಿಗೆ ಸಂಬಳ’ ಎಂದು ಕಟ್ಟೆ ಮೇಲೆ ಕೂತು ಹೇಳುವವರು ಒಂದು ದಿನ ಶಾಲೆಗೆ ಹೋಗಿ ನೋಡಲಿ. ಮೊಟ್ಟೆ ಲೆಕ್ಕ, ಬಾಳೆಹಣ್ಣಿನ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಬೈಲಿನಲ್ಲಿ ಹಾಜರಿ, ಕಂಪ್ಯೂಟರಿನಲ್ಲಿ ಮಕ್ಕಳ ವಿವರ. ಇದೆಲ್ಲ ಮುಗಿದ ಮೇಲೆ ಸಮಯ ಉಳಿದರೆ ಪಾಠ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆಮನೆ ಸುತ್ತಿದವರು ಇದೇ ಮೇಷ್ಟ್ರುಗಳು. ಸಮೀಕ್ಷೆ ಮುಗಿಯಲಿಲ್ಲವೆಂದು ಆ ವರ್ಷದ ದಸರಾ ರಜವನ್ನು ಅಕ್ಟೋಬರ್ 18ರ ತನಕ ಎಳೆದರು.

ಅದೇ ಹೊತ್ತಿಗೆ ಇನ್ನೊಂದು ಗುಡುಗು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಂದರಿಂದ ಎಂಟನೇ ಕ್ಲಾಸಿಗೆ ಪಾಠ ಮಾಡುವವರಲ್ಲಿ ನಿವೃತ್ತಿಗೆ ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸು ಮಾಡಬೇಕು, ಇಲ್ಲವೆಂದರೆ ಮನೆಗೆ ಹೋಗಬೇಕು ಎಂದಿತು. ಇಪ್ಪತ್ತು ವರ್ಷ ಪಾಠ ಮಾಡಿದವರು ತಮ್ಮ ಶಿಷ್ಯರ ಪಕ್ಕದಲ್ಲಿ ಕೂತು ಪರೀಕ್ಷೆ ಬರೆಯಬೇಕಾದ ಮಾತು. ‘ಇದಕ್ಕಿಂತ ಬಿಟ್ಟು ಹೋಗೋದೇ ವಾಸಿ’ ಎಂದು ಅಂದವರನ್ನು ತಪ್ಪೆನ್ನಲು ಬಾಯಿ ಬರುವುದಿಲ್ಲ.

ಆದರೆ ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಾದ ಮೇಲೆ ಬರುತ್ತದೆಯೇ ಸ್ವಾಮಿ?

ಏಳು ರೂಪಾಯಿ ಮೇಷ್ಟ್ರು

ಮೇಷ್ಟ್ರು ಕೆಲಸ ಬಿಟ್ಟು ಹೋದವರೆಲ್ಲ ಹಾಳಾದರು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಮ್ಮ ಪತ್ರಿಕಾ ಕಸುಬಿಗೇ ಅವಮಾನ. ಹರ್ಡೇಕರ್ ಮಂಜಪ್ಪನವರನ್ನು ನೋಡಿ. 1886ರಲ್ಲಿ ಬನವಾಸಿಯಲ್ಲಿ ಹುಟ್ಟಿದವರು. ಮುಲ್ಕಿ ಪರೀಕ್ಷೆ ಪಾಸು ಮಾಡಿ ಶಿರಸಿಯಲ್ಲಿ ಏಳು ರೂಪಾಯಿ ಸಂಬಳಕ್ಕೆ ಮೇಷ್ಟ್ರಾದರು. ಬಂಗಾಳ ಒಡೆದು ಸ್ವದೇಶಿ ಗಾಳಿ ಬೀಸಿದ ಕಾಲ. ಬ್ರಿಟಿಷ್ ಸರ್ಕಾರದ ಆ ಏಳು ರೂಪಾಯಿ ಬೇಡವೆಂದು 1906ರಲ್ಲಿ ಬಿಟ್ಟು, ಗಡಿ ದಾಟಿ ಮೈಸೂರು ಸೀಮೆಯ ದಾವಣಗೆರೆಗೆ ಬಂದು ‘ಧನುರ್ಧಾರಿ’ ಪತ್ರಿಕೆ ತೆಗೆದರು. ದಾವಣಗೆರೆ ಆಗ ನಮ್ಮ ಚಿತ್ರದುರ್ಗ ಜಿಲ್ಲೆಯೇ. 1997ರಲ್ಲಿ ತಾನೇ ಅದು ಬೇರೆ ಜಿಲ್ಲೆ ಆದದ್ದು. ಅದೇ ಊರಲ್ಲಿ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬವಾಗಿ ಶುರು ಮಾಡಿಸಿದವರಲ್ಲಿ ಅವರೂ ಮುಂದಾಳು. ಮುಂದೆ ಜನ ಅವರನ್ನು ಕರ್ನಾಟಕದ ಗಾಂಧಿ ಎಂದು ಕರೆದರು.

ಈ ಕತೆ ಹೇಳಿ ‘ನಾನೂ ಹಂಗೇ ಬಿಡ್ತೀನಿ’ ಎಂದು ಎದೆ ತಟ್ಟಿಕೊಳ್ಳುವ ಮುಂಚೆ ಎರಡು ಸಂಗತಿ ನೋಡಬೇಕು. ಮಂಜಪ್ಪನವರಿಗೆ ಆಗ ಇಪ್ಪತ್ತು ವರ್ಷ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಮನೆ ಸಾಲದ ಕಂತಿಲ್ಲ. ಮುಂದೆ 1910ರಲ್ಲಿ ಅವರು ಬ್ರಹ್ಮಚರ್ಯದ ವ್ರತವನ್ನೇ ತೊಟ್ಟರು. ಎರಡನೆಯದು, ಅವರು ಬಿಟ್ಟದ್ದು ಸಂಬಳವನ್ನು. ಕಲಿಸುವ ಕೆಲಸವನ್ನು ಅವರು ಬಿಡಲಿಲ್ಲ. ಕೊನೆಗೆ ಆಲಮಟ್ಟಿಯಲ್ಲಿ ತಾವೇ ವಿದ್ಯಾಲಯ ಕಟ್ಟಿ ಮಕ್ಕಳ ನಡುವೆ ಕೂತರು. ಮೂವತ್ತೆಂಟರ ವಯಸ್ಸಿನಲ್ಲಿ, ಇಬ್ಬರು ಮಕ್ಕಳ ಫೀಸು, ವಯಸ್ಸಾದ ಅಪ್ಪ ಅಮ್ಮನ ಔಷಧಿ ಖರ್ಚು ಹೊತ್ತವರು ಇಪ್ಪತ್ತರ ಮಂಜಪ್ಪನವರ ಲೆಕ್ಕ ಹಾಕಿದರೆ ಅದು ತಾಳೆಯಾಗುವುದಿಲ್ಲ.

ಗಾಳಿ ಬಂದಾಗ ತೂರಿಕೊಳ್ಳಬೇಕು ಅನ್ನೋದು ನಮ್ಮ ರೈತರ ಮಾತು. ನಿಜ. ಆದರೆ ತೂರೋಕೆ ಮುಂಚೆ ಕಣದಲ್ಲಿ ರಾಶಿ ಇರಬೇಕಲ್ಲ! ಬರೀ ಮೊರ ಹಿಡಿದು ನಿಂತರೆ ಕಣ್ಣಿಗೆ ದೂಳು ಬೀಳುತ್ತದೆ, ಅಷ್ಟೆ.

ಪಟ್ಟಿ ನಂಬಬೇಡಿ, ಆರ್ಡರ್ ನಂಬಿ

ಶಾಲೆ ಬಿಡುವವರಲ್ಲಿ ಒಂದು ದೊಡ್ಡ ಗುಂಪು ಇನ್ನೊಂದು ಸರ್ಕಾರಿ ಕೆಲಸಕ್ಕೆ ಹಾರುವವರದ್ದು. ಪಿಡಿಒ, ಎಫ್‌ಡಿಎ, ಸಬ್ ಇನ್ಸ್‌ಪೆಕ್ಟರ್, ಕೆಎಎಸ್. ಹಗಲು ಪಾಠ, ರಾತ್ರಿ ಓದು. ಹಿಂದುಳಿದ ಊರಿನಿಂದ ಹೀಗೆ ಮೇಲೆ ಬಂದವರನ್ನು ಕಂಡರೆ ನಮಗೂ ಹೆಮ್ಮೆ. ತೊಂದರೆ ಬರುವುದು ಪಟ್ಟಿಯಲ್ಲಿ ಹೆಸರು ಕಂಡ ದಿನ. ಹಾರ ಹಾಕಿಸಿಕೊಂಡು, ಸಿಹಿ ಹಂಚಿ, ಹೆಡ್ ಮೇಷ್ಟ್ರ ಮೇಜಿನ ಮೇಲೆ ರಾಜೀನಾಮೆ ಇಟ್ಟು ಬರುವ ಆತುರ.

545 ಪಿಎಸ್‌ಐ ಹುದ್ದೆಯ ಕತೆ ನೆನಪಿದೆಯಲ್ಲ? 2021ರ ಅಕ್ಟೋಬರಿನಲ್ಲಿ ಪರೀಕ್ಷೆ. 2022ರ ಜನವರಿಯಲ್ಲಿ ಆಯ್ಕೆ ಪಟ್ಟಿ. ಆಮೇಲೆ ಬ್ಲೂಟೂತ್, ಓಎಂಆರ್ ಹಗರಣ ಹೊರಬಿದ್ದು 2022ರ ಏಪ್ರಿಲಿನಲ್ಲಿ ಇಡೀ ಪರೀಕ್ಷೆಯೇ ರದ್ದು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಟ್ಟಿಯಲ್ಲಿ ಬಂದವರೂ ಮತ್ತೆ ಬರೆಯಬೇಕಾಯಿತು. ಅದಕ್ಕಿಂತ ಉದ್ದದ ಕತೆ ಕೆಪಿಎಸ್‌ಸಿಯ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್‌ಗಳದ್ದು. ಪಟ್ಟಿ ಬಂತು, 2014ರಲ್ಲಿ ಸರ್ಕಾರ ಅದನ್ನು ತಿರಸ್ಕರಿಸಿತು. ಕೋರ್ಟು ಕಚೇರಿ ಅಲೆದು ಅಲೆದು, ಕೊನೆಗೆ 2022ರಲ್ಲಿ ವಿಧಾನಮಂಡಲವೇ ಒಂದು ಕಾನೂನು ಮಾಡಿ ಆ ಆಯ್ಕೆಗೆ ಜೀವ ಕೊಟ್ಟಿತು. ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗು ಅಷ್ಟು ಹೊತ್ತಿಗೆ ಹೈಸ್ಕೂಲು ಬಾಗಿಲಿಗೆ ಬಂದಿರುತ್ತದೆ.

ಆದ್ದರಿಂದ ಇದು ಮೊದಲ ಸೂತ್ರ: ಪಟ್ಟಿ ಕಂಡು ಬಿಡಬೇಡಿ. ನೇಮಕಾತಿ ಆದೇಶ ಕೈಗೆ ಬಂದ ಮೇಲೆ ಬಿಡಿ. ಬಿಡುವಾಗಲೂ ಒಂದು ಒಳದಾರಿ ಇದೆ. ಅರ್ಜಿ ಹಾಕುವ ಮುಂಚೆಯೇ ಇಲಾಖೆಯ ಅನುಮತಿ ಪಡೆದು, ಸರಿಯಾದ ದಾರಿಯಲ್ಲಿ ರಿಲೀವ್ ಆಗಿ ಇನ್ನೊಂದು ಸರ್ಕಾರಿ ಹುದ್ದೆಗೆ ಹೋದರೆ ಹಳೇ ಸೇವೆ ಲೆಕ್ಕಕ್ಕೆ ಬರುತ್ತದೆ. ಬರೀ ರಾಜೀನಾಮೆ ಬರೆದುಕೊಟ್ಟು ಹೊರಟರೆ ಹಿಂದಿನ ಸೇವೆಯೆಲ್ಲ ನೀರಿನಲ್ಲಿ ಹೋಮ. ಸೇವಾ ನಿಯಮದಲ್ಲಿ ಇದು ಕಪ್ಪು ಬಿಳುಪಾಗಿ ಬರೆದಿದೆ. ಆದರೆ ಸೇವಾ ನಿಯಮ ಓದುವ ಮೇಷ್ಟ್ರು ಎಷ್ಟು ಜನ? ಪಕ್ಕದ ಶಾಲೆಯ ಮೇಷ್ಟ್ರು ಹೇಳಿದ್ದೇ ನಿಯಮ, ಕೇಸ್ ವರ್ಕರ್ ಹೇಳಿದ್ದೇ ವೇದ!

ಹದಿನೈದು ವರ್ಷದ ಗೆರೆ

ಇನ್ನು ಸರ್ಕಾರಿ ನೌಕರಿಯೇ ಸಾಕು, ಬೇರೆ ಏನಾದರೂ ಮಾಡೋಣ ಎನ್ನುವವರು. ಇವರಿಗೆ ಹುಟ್ಟಿದ ದಿನಕ್ಕಿಂತ ಕೆಲಸಕ್ಕೆ ಸೇರಿದ ದಿನ ಮುಖ್ಯ. 2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದವರು ಹಳೇ ಪಿಂಚಣಿಯವರು. ಇವರು 15 ವರ್ಷದ ಅರ್ಹ ಸೇವೆ ಮುಗಿಸಿದ್ದರೆ ಅಥವಾ 50 ವರ್ಷ ವಯಸ್ಸಾಗಿದ್ದರೆ ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಪಡೆಯಬಹುದು, ಪಿಂಚಣಿ ಉಳಿಯುತ್ತದೆ. ಇವರಲ್ಲಿ ಯಾರಾದರೂ ‘ಸ್ವಯಂ ನಿವೃತ್ತಿ’ ಎಂದು ಬರೆಯುವ ಜಾಗದಲ್ಲಿ ‘ರಾಜೀನಾಮೆ’ ಎಂದು ಬರೆದರೆ ಒಂದು ಪದಕ್ಕೆ ಜೀವಮಾನದ ಪಿಂಚಣಿ ಹೋಗುತ್ತದೆ. ಕನ್ನಡ ಮೇಷ್ಟ್ರಾದರೂ ಈ ಎರಡು ಪದದ ಅರ್ಥವ್ಯತ್ಯಾಸ ತಿಳಿದಿರಬೇಕು!

2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರದು ಹೊಸ ಪಿಂಚಣಿ. ಅವರ ಸಂಬಳದಲ್ಲಿ ಮುರಿದುಕೊಂಡದ್ದು, ಸರ್ಕಾರ ಹಾಕಿದ್ದು ಸೇರಿ ಅವರ ಖಾತೆಯಲ್ಲಿ ಬೆಳೆಯುತ್ತದೆ. ಅರವತ್ತಕ್ಕೆ ಮುಂಚೆ ಕೆಲಸ ಬಿಟ್ಟು ಈ ಖಾತೆ ಮುಚ್ಚಿದರೆ ನೂರಕ್ಕೆ 20 ರೂಪಾಯಿ ಮಾತ್ರ ಕೈಗೆ, 80 ರೂಪಾಯಿಗೆ ತಿಂಗಳ ವರ್ಷಾಶನ ಕೊಳ್ಳಬೇಕು. ‘ಬಿಟ್ಟು ಬಂದ ಗಂಟಿನಲ್ಲಿ ಅಂಗಡಿ ಇಡ್ತೀನಿ’ ಎಂದು ಕನಸು ಕಾಣುವವರು ಈ ಐದರಲ್ಲೊಂದು ಪಾಲಿನ ಲೆಕ್ಕ ಮೊದಲು ಹಾಕಲಿ.

ಕಾದವರಿಗೆ ಫಲ ಬಂದದ್ದೂ ಉಂಟು. 2006ರ ಏಪ್ರಿಲಿಗೆ ಮುಂಚೆಯೇ ಅಧಿಸೂಚನೆ ಹೊರಟು, ಆದೇಶ ತಡವಾಗಿ ಬಂದು ಹೊಸ ಪಿಂಚಣಿಗೆ ಸಿಕ್ಕಿಬಿದ್ದಿದ್ದವರು ವರ್ಷಗಟ್ಟಲೆ ಹೋರಾಡಿದರು. 2024ರ ಜನವರಿಯಲ್ಲಿ ಸರ್ಕಾರ ಅಂಥ ಸುಮಾರು 13 ಸಾವಿರ ನೌಕರರಿಗೆ ಹಳೇ ಪಿಂಚಣಿಗೆ ಬರಲು ಅವಕಾಶ ಕೊಟ್ಟಿತು. ಬೇಜಾರಾಗಿ 2023ರಲ್ಲೇ ರಾಜೀನಾಮೆ ಬಿಸಾಕಿ ಹೋಗಿದ್ದವನು ಆ ಸುದ್ದಿ ಪತ್ರಿಕೆಯಲ್ಲಿ ಓದಬೇಕಷ್ಟೆ.

ಚಿಕ್ಕ ಮಕ್ಕಳಿರುವ ಟೀಚರಮ್ಮಂದಿರಿಗೆ ಒಂದು ಮಾತು. ಕೂಸು ನೋಡಿಕೊಳ್ಳುವವರಿಲ್ಲ ಎಂದು ಕೆಲಸ ಬಿಡುವ ಯೋಚನೆ ಇದ್ದರೆ ತಡೆಯಿರಿ. 2021ರಿಂದ ರಾಜ್ಯದ ಮಹಿಳಾ ನೌಕರರಿಗೆ 180 ದಿನ ಶಿಶುಪಾಲನಾ ರಜ ಇದೆ. ಕೇಳಿದರೆ ಆಫೀಸಿನಲ್ಲಿ ಮುಖ ಸಿಂಡರಿಸಬಹುದು. ಸಿಂಡರಿಸಲಿ. ಮೊದಲು ರಜ ಹಾಕಿ, ಆಮೇಲೆ ಯೋಚನೆ ಮಾಡಿ. ಮನೆಯಲ್ಲಿ ‘ಬಿಟ್ಟುಬಿಡು’ ಎನ್ನುವ ಯಜಮಾನರು ತಮ್ಮ ಕೆಲಸ ಬಿಡುವ ಮಾತು ಎಂದಾದರೂ ಆಡಿದ್ದಾರಾ ಎಂದೂ ಕೇಳಿ.

ಅಡಿಕೆ ಕನಸು

ನಮ್ಮ ಕಡೆ ಮೇಷ್ಟ್ರುಗಳ ದೊಡ್ಡ ಕನಸು ತೋಟ. 1933ರ ಮೇಲೆ ಕೋಡಿ ಬೀಳದ ವಾಣಿ ವಿಲಾಸ ಸಾಗರ 2022ರ ಸೆಪ್ಟೆಂಬರಿನಲ್ಲಿ 89 ವರ್ಷದ ನಂತರ ಕೋಡಿ ಬಿತ್ತು. 2025ರಲ್ಲಿ ಮತ್ತೆ ತುಂಬಿ ಹರಿಯಿತು. ಆ ನೀರು ನೋಡಿ, ಅಡಿಕೆ ರೇಟು ಕೇಳಿ, ಹೊಸದುರ್ಗ ಹೊಳಲ್ಕೆರೆ ಕಡೆ ಎಷ್ಟು ಮೇಷ್ಟ್ರ ತಲೆ ತಿರುಗಿದೆಯೋ! ‘ಸಂಬಳ ಏನ್ ಮಹಾ, ಎರಡು ಎಕರೆ ಅಡಿಕೆ ಇದ್ರೆ ಸಾಕು’ ಎನ್ನುವ ಮಾತು ಈಗ ಸ್ಟಾಫ್ ರೂಮಿನ ಭಜನೆ.

ಸ್ವಾಮಿ, 1933 ಮತ್ತು 2022ರ ನಡುವೆ 89 ವರ್ಷ ಇದೆ ಎನ್ನುವುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ನಮ್ಮದು ಮಳೆ ನೆಚ್ಚುವ ಸೀಮೆ ಅಲ್ಲ. ಬೋರು ಒಣಗಿ ತೆಂಗಿನ ಸುಳಿ ಬಿದ್ದದ್ದನ್ನು ಕಂಡವರ ಮಕ್ಕಳೇ ನೀವು. ಅಡಿಕೆ ಸಸಿ ಕೈಗೆ ಬರಲು ಐದಾರು ವರ್ಷ, ತೆಂಗಿಗೆ ಆರೇಳು ವರ್ಷ ಬೇಕು. ತೋಟಕ್ಕೆ ಹೋಗಬೇಕೆಂದರೆ ಮೊದಲು ಸಸಿ ಹಾಕಿ, ಸಂಬಳ ಬರುತ್ತಿರುವಾಗಲೇ ಅದನ್ನು ಬೆಳೆಸಿ, ಮೊದಲ ಫಸಲು ಮಾರಿದ ಮೇಲೆ ನೋಟಿಸು ಬರೆಯಿರಿ. ಬಿಟ್ಟು ಬಂದು ಸಸಿ ಹಾಕಿದವನು ಆರು ವರ್ಷ ಏನು ತಿನ್ನಬೇಕು, ಸೋಗೆಯಾ?

ಖಾಸಗಿ ಮೇಷ್ಟ್ರ ಗೋಳು

ಮೇಲಿನದೆಲ್ಲ ಸರ್ಕಾರಿ ಮೇಷ್ಟ್ರ ಭಾಗ್ಯ. ಖಾಸಗಿ ಶಾಲೆಯವರಿಗೆ ಸಮಯ ಆರಿಸಿಕೊಳ್ಳುವ ಸುಖವೂ ಇಲ್ಲ. 2020ರಲ್ಲಿ ಕೊರೋನ ಬಂದು ಶಾಲೆ ಮುಚ್ಚಿದಾಗ ಸಂಬಳ ನಿಂತು, ಬಿಎಡ್ ಮಾಡಿದವರು ತರಕಾರಿ ಮಾರಿದರು, ಉದ್ಯೋಗ ಖಾತ್ರಿಯಲ್ಲಿ ಗುದ್ದಲಿ ಹಿಡಿದರು. 2021ರ ಜೂನಿನಲ್ಲಿ ಸರ್ಕಾರ ಅನುದಾನರಹಿತ ಶಾಲೆಯವರಿಗೆ ತಲಾ ಐದು ಸಾವಿರ ಪರಿಹಾರ ಸಾರಿತು. ಹದಿನೈದು ತಿಂಗಳ ಹಸಿವಿಗೆ ಐದು ಸಾವಿರ!

ಇವರಿಗೆ ನನ್ನದು ಒಂದೇ ಸೂಚನೆ. ಐದು ವರ್ಷ ತುಂಬುವ ತನಕ ತಡೆಯುವ ಶಕ್ತಿ ಇದ್ದರೆ ತಡೆಯಿರಿ. 2009ರ ತಿದ್ದುಪಡಿಯಿಂದ ಶಿಕ್ಷಕರಿಗೂ ಗ್ರಾಚ್ಯುಯಿಟಿ ಹಕ್ಕು ಇದೆ. ಖಾಸಗಿ ಶಾಲೆಯವರು ಕೋರ್ಟಿಗೆ ಹೋದರು, 2022ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಕರ ಪರವಾಗಿ ಹೇಳಿತು. ವರ್ಷಕ್ಕೆ ಹದಿನೈದು ದಿನದ ಸಂಬಳ ಲೆಕ್ಕ. ಕೊನೆಯ ಸಂಬಳ 13 ಸಾವಿರ ಇದ್ದರೆ ಐದು ವರ್ಷಕ್ಕೆ 37,500 ರೂಪಾಯಿ. ನಾಲ್ಕು ವರ್ಷಕ್ಕೆ ಸಿಟ್ಟು ಮಾಡಿಕೊಂಡು ಬಂದರೆ ಅದಿಲ್ಲ. ಕೇಳದೆ ಯಾವ ಮ್ಯಾನೇಜ್‌ಮೆಂಟೂ ಕೊಡುವುದಿಲ್ಲ. ಕೇಳಬೇಕಾದರೆ ನೇಮಕದ ಕಾಗದ, ಸಂಬಳದ ಬ್ಯಾಂಕ್ ಪುಸ್ತಕ ಕೈಯಲ್ಲಿರಬೇಕು. ಇವತ್ತೇ ಒಂದು ಝೆರಾಕ್ಸ್ ತೆಗೆಸಿ ಪೆಟ್ಟಿಗೆಯಲ್ಲಿಡಿ.

ಬಿಡದೆ ಬಿಟ್ಟವರು

ಈಗ ಖಾರದ ಮಾತು. ಕೆಲಸ ಬಿಟ್ಟು ಹೋದ ಮೇಷ್ಟ್ರಿಂದ ಶಾಲೆಗೆ ಆಗುವ ನಷ್ಟಕ್ಕಿಂತ, ಬಿಡದೆಯೇ ಬಿಟ್ಟವರಿಂದ ಆಗುವ ನಷ್ಟ ದೊಡ್ಡದು. ಇವರ ಹೆಸರು ಹಾಜರಿ ಪುಸ್ತಕದಲ್ಲಿದೆ, ಮನಸ್ಸು ಸೈಟಿನ ಬ್ರೋಕರಿಕೆಯಲ್ಲಿದೆ. ಹೆಂಡತಿ ಹೆಸರಿನಲ್ಲಿ ಎಲ್‌ಐಸಿ ಏಜೆನ್ಸಿ, ಭಾವಮೈದನ ಹೆಸರಿನಲ್ಲಿ ಚೀಟಿ ವ್ಯವಹಾರ, ತಮ್ಮದೇ ಬಾಯಲ್ಲಿ ಬಡ್ಡಿ ಲೆಕ್ಕ. ಬೋರ್ಡಿನ ಮೇಲೆ ಮಗ್ಗಿ ಬರೆದು ‘ಬರ್ಕೊಳ್ರೋ’ ಎಂದು ಫೋನು ಹಿಡಿದು ಹೊರಗೆ ಹೋದರೆ ಬೆಲ್ಲು ಹೊಡೆಯುವಾಗಲೇ ಒಳಗೆ. ಸರ್ಕಾರಿ ನೌಕರರ ನಡತೆ ನಿಯಮ ಅನುಮತಿಯಿಲ್ಲದ ವ್ಯಾಪಾರ ಒಪ್ಪುವುದಿಲ್ಲ. ಮನೆ ಪಾಠ ಹೇಳಿ ದುಡ್ಡು ಮಾಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ನಿಯಮ ಪುಸ್ತಕದಲ್ಲಿ ಮಲಗಿದೆ, ನೋಡಬೇಕಾದವರು ಆಫೀಸಿನಲ್ಲಿ ಮಲಗಿದ್ದಾರೆ.

ಎಲ್ಲ ಮೇಷ್ಟ್ರೂ ಹೀಗೆ ಎಂದು ನಾನು ಹೇಳಿದರೆ ನಾಲಿಗೆ ಬಿದ್ದುಹೋಗಲಿ. ಸ್ವಂತ ದುಡ್ಡಿನಲ್ಲಿ ಮಕ್ಕಳಿಗೆ ನೋಟ್ ಪುಸ್ತಕ ತಂದುಕೊಡುವವರು, ಶಾಲೆಗೆ ಬರದ ಹುಡುಗನ ಮನೆ ಬಾಗಿಲಿಗೆ ಹೋಗಿ ಎಬ್ಬಿಸಿ ತರುವವರು ಪ್ರತಿ ಹೋಬಳಿಯಲ್ಲಿದ್ದಾರೆ. ಇಂಥವರ ಹೆಸರು ಕೆಡಿಸುತ್ತಿರುವವರು ಆ ಬಿಡದೆ ಬಿಟ್ಟವರೇ. ಅವರಿಗೆ ಹೇಳುವುದಿಷ್ಟು. ನಿಮಗೆ ವ್ಯಾಪಾರದಲ್ಲಿ ಕೈ ಇದೆ, ಧೈರ್ಯವಾಗಿ ಅದನ್ನೇ ಮಾಡಿ. ಅದರಲ್ಲಿ ನಾಚಿಕೆ ಏನಿಲ್ಲ. ನಿಮ್ಮ ಕುರ್ಚಿಗಾಗಿ ಬಿಎಡ್ ಮುಗಿಸಿ, ಟಿಇಟಿ ಪಾಸಾಗಿ, ತಿಂಗಳಿಗೆ ಹನ್ನೆರಡು ಸಾವಿರದ ಅತಿಥಿ ಶಿಕ್ಷಕರಾಗಿ ಕಾಯುತ್ತಿರುವ ಹುಡುಗ ಹುಡುಗಿಯರಿದ್ದಾರೆ.

ಸಂಕ್ರಾಂತಿಗೆ ಅರ್ಜಿ, ಏಪ್ರಿಲಿಗೆ ವಿದಾಯ

ಕೊನೆಗೆ ತಿಂಗಳ ಲೆಕ್ಕಕ್ಕೆ ಬರೋಣ. ಅರವತ್ತು ಮಕ್ಕಳ ತನಕ ಇರುವ ಕಿರಿಯ ಪ್ರಾಥಮಿಕ ಶಾಲೆಗೆ ಕಾಯ್ದೆ ಪ್ರಕಾರ ಇಬ್ಬರು ಮೇಷ್ಟ್ರು. ಹಾಲುರಾಮೇಶ್ವರದ ಸುತ್ತಿನಂಥ ಹಳ್ಳಿ, ಹಟ್ಟಿಗಳ ಶಾಲೆಯೆಂದರೆ ಇಂಥವೇ. ಇಬ್ಬರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ಬಿಟ್ಟರೆ ಏನಾಗುತ್ತದೆ? ಉಳಿದವರೊಬ್ಬರು ಮೀಟಿಂಗಿಗೆ ಹೋದ ದಿನ ಶಾಲೆಗೆ ಬೀಗ. ಐದು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕುರಿ ದೊಡ್ಡಿ. ಅತಿಥಿ ಶಿಕ್ಷಕರನ್ನು ಲೆಕ್ಕ ಹಾಕಿ ಹಂಚುವುದು ಶಾಲೆ ಶುರುವಾಗುವ ಹೊತ್ತಿಗೆ. ನಡುವರ್ಷದಲ್ಲಿ ಬಿದ್ದ ಹಳ್ಳ ತುಂಬಲು ಕಾಗದ ಬಿಇಒ ಆಫೀಸಿನಿಂದ ಡಿಡಿಪಿಐ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಅಪ್ಪ ಅಮ್ಮ ಟಿ.ಸಿ. ತೆಗೆದುಕೊಂಡು ಮಗುವನ್ನು ಪೇಟೆಯ ಕಾನ್ವೆಂಟ್ ವ್ಯಾನಿಗೆ ಹತ್ತಿಸುತ್ತಾರೆ. ಸಂಖ್ಯೆ ಇಳಿಯಿತೆಂದು ಮುಂದಿನ ವರ್ಷ ಆ ಹುದ್ದೆಯೇ ಬೇರೆ ಕಡೆಗೆ ಹೋಗುತ್ತದೆ. ವ್ಯಾನಿಗೆ ದುಡ್ಡಿಲ್ಲದವರ ಮಗು ಎಲ್ಲಿಗೆ ಹೋಗಬೇಕು? ಅದು ಮಾತ್ರ ಅಲ್ಲೇ, ಆ ಖಾಲಿ ಕೋಣೆಯಲ್ಲಿ.

ಅದೇ ಮೇಷ್ಟ್ರು ಸಂಕ್ರಾಂತಿ ಹೊತ್ತಿಗೆ ಮೂರು ತಿಂಗಳ ನೋಟಿಸು ಕೊಟ್ಟರೆ? ಏಪ್ರಿಲ್ ಎರಡನೇ ವಾರ ಫಲಿತಾಂಶ ಓದಿ, ಮಕ್ಕಳನ್ನು ಮುಂದಿನ ಕ್ಲಾಸಿಗೆ ಹತ್ತಿಸಿ, ದಾಖಲೆ ಒಪ್ಪಿಸಿ, ಬೇಸಿಗೆ ರಜದಲ್ಲಿ ಹೊರಡಬಹುದು. ಜಾಗ ಖಾಲಿ ಎಂಬುದು ಮೇ ತಿಂಗಳಿಗೆ ಮುಂಚೆಯೇ ಲೆಕ್ಕಕ್ಕೆ ಬರುತ್ತದೆ. ಶಾಲೆ ಬಾಗಿಲು ತೆರೆದ ದಿನ ಇನ್ನೊಬ್ಬರು ನಿಂತಿರುತ್ತಾರೆ. ಕಾನೂನು ಕೇಳುವುದು ಮೂರು ತಿಂಗಳು ಮಾತ್ರ, ಯಾವ ಮೂರು ತಿಂಗಳು ಎಂದು ಕೇಳುವುದಿಲ್ಲ. ಅದನ್ನು ಮೇಷ್ಟ್ರೇ ಕೇಳಿಕೊಳ್ಳಬೇಕು. ಇನ್ನೊಂದು ಸರ್ಕಾರಿ ಹುದ್ದೆಯ ಆದೇಶ ನಡುವರ್ಷ ಬಂದರೆ ಅವರ ಕೈಯಲ್ಲಿ ಇಲ್ಲ, ಒಪ್ಪೋಣ. ಆಗಲೂ ಸೇರಲು ಕಾಲಾವಕಾಶ ಕೇಳಿ ನೋಡಬಹುದು, ಕಡೇಪಕ್ಷ ಪಾಠ ಎಲ್ಲಿಗೆ ನಿಂತಿದೆ ಎಂದು ಬರೆದಿಟ್ಟು ಹೋಗಬಹುದು.

ಇಲಾಖೆಯೂ ಕೈಕಟ್ಟಿ ಕೂರಬಾರದು. ಪ್ರತಿ ಜನವರಿಯಲ್ಲಿ ಬಿಇಒಗಳು ತಾಲ್ಲೂಕಿನ ಮೇಷ್ಟ್ರುಗಳಿಗೆ ಒಂದು ಸುತ್ತೋಲೆ ಕಳಿಸಿ, ‘ಈ ವರ್ಷ ಬಿಡುವವರು ಯಾರು, ಹೇಳಿ’ ಎಂದು ಕೇಳಲಿ. ಹೇಳಿದವರನ್ನು ಶತ್ರುಗಳಂತೆ ನೋಡದೆ, ಅವರ ಸರ್ವೀಸ್ ರಿಜಿಸ್ಟರು ಸರಿಮಾಡಿ, ಪಿಂಚಣಿ ಕಾಗದ ಮೂರೇ ತಿಂಗಳಲ್ಲಿ ಮುಗಿಸಿ ಕಳಿಸಲಿ. ಹೋಗುವವರನ್ನು ಟೇಬಲ್ಲಿಂದ ಟೇಬಲ್ಲಿಗೆ ಅಲೆಸಿ ಕೈ ನೋಡುವ ಚಾಳಿ ಇರುವ ತನಕ ಯಾವ ಮೇಷ್ಟ್ರೂ ಮುಂಚಿತವಾಗಿ ಬಾಯಿ ಬಿಡುವುದಿಲ್ಲ. ನಡುವರ್ಷ ನಾಪತ್ತೆಯಾಗುವುದೇ ಸುಲಭ ಎಂದುಕೊಳ್ಳುತ್ತಾರೆ. ಪೆಟ್ಟು ಮಾತ್ರ ಮಕ್ಕಳಿಗೆ.

ಮೇಷ್ಟ್ರೇ, ಟೀಚರಮ್ಮನವರೇ, ಹೋಗಬೇಕು ಅನ್ನಿಸಿದರೆ ಹೋಗಿ. ಊರು ನಾಲ್ಕು ದಿನ ಆಡಿಕೊಳ್ಳುತ್ತದೆ, ಐದನೇ ದಿನ ಮರೆಯುತ್ತದೆ. ಆದೇಶ ಕೈಯಲ್ಲಿರಲಿ, ಸೇವೆಯ ಲೆಕ್ಕ ತಲೆಯಲ್ಲಿರಲಿ, ತೋಟವಾದರೆ ಮೊದಲ ಫಸಲು ಮನೆಯಲ್ಲಿರಲಿ. ಒಂದನೇ ಕ್ಲಾಸಿನ ಮಗುವಿಗೆ ‘ಅ’ ತಿದ್ದಿಸಲು ಶುರು ಮಾಡಿದ್ದರೆ ‘ಳ’ ತನಕ ಮುಗಿಸಿ ಹೋಗಿ. ಅಷ್ಟಕ್ಕೆ ಏಪ್ರಿಲ್ ತನಕ ತಡೆದರೆ ಸಾಕು.